ಹಿಂದಿನ ಗಾಡಿ ಯಾರ ಜವಾಬ್ದಾರಿ?

ನಮ್ಮ ಟ್ರಾನ್ಸ್‌ಪೋರ್ಟಿನ ಆ್ಯಪ್‌ನಲ್ಲಿ ಓಡುವ ಗಾಡಿಗೆ ಹಸಿರು ಚುಕ್ಕೆ, ನಿಂತ ಗಾಡಿಗೆ ಕೆಂಪು ಚುಕ್ಕೆ. ಕಂಟ್ರೋಲ್ ರೂಮಿಗೆ ಹೇಳದೆ 15 ನಿಮಿಷ ದಾಟಿ ನಿಂತರೆ ‘ಅನಧಿಕೃತ ಹಾಲ್ಟ್’ ಅಂತ ಬೀಳುತ್ತದೆ, ಆ ಟ್ರಿಪ್ಪಿನ ಇನ್ಸೆಂಟಿವ್ ಹೋಗುತ್ತದೆ. ಯಾಕೆ ನಿಂತೆ, ಯಾರಿಗಾಗಿ ನಿಂತೆ ಅಂತ ಬರೆಯಲು ಅದರಲ್ಲಿ ಜಾಗವೇ ಇಲ್ಲ. ಡ್ರೈವರುಗಳು ಢಾಬಾದಲ್ಲಿ ಮಲಗಿ ಲೋಡು ತಡ ಮಾಡುತ್ತಾರೆ ಅನ್ನುವ ಒಂದೇ ಚಿಂತೆಯಿಂದ ಹುಟ್ಟಿದ ಆ್ಯಪ್ ಅದು. ನಡುರಾತ್ರಿ ಲೋಡ್ ಗಾಡಿ ಕೆಟ್ಟು ಹೈವೇಯಲ್ಲಿ ಒಬ್ಬನೇ ನಿಂತವನನ್ನು ಒಂದು ಮಾತೂ ಕೇಳದೆ ಅದನ್ನು ಮಾಡಿದ್ದಾರೆ.

ನಾನು ಮಿಲ್ಟ್ರಿಯಲ್ಲಿ ಎಎಸ್‌ಸಿ, ಅಂದರೆ ಸೈನ್ಯಕ್ಕೆ ಸಾಮಾನು ಮುಟ್ಟಿಸುವ ಆರ್ಮಿ ಸರ್ವಿಸ್ ಕೋರ್‌ನ ಡ್ರೈವರ್ ಆಗಿದ್ದವನು. ಬೆಂಗಳೂರಿನ ಸೆಂಟರಿನಲ್ಲಿ ಟ್ರೇನಿಂಗ್, ಆಮೇಲೆ ಸರ್ವಿಸಿನ ಹೆಚ್ಚಿನ ಕಾಲ ಉತ್ತರದ ಗುಡ್ಡಗಳಲ್ಲಿ. ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಈಗ ಹುಬ್ಬಳ್ಳಿಯಲ್ಲಿ ಯಾರ್ಡ್ ಸೂಪರ್‌ವೈಸರ್. ಟ್ರಿಪ್ ಶೀಟ್, ಡೀಸೆಲ್ ಆವರೇಜ್, ಟೈರ್ ರಿಜಿಸ್ಟರ್, ಹೊಸ ಹುಡುಗರ ಟೆಸ್ಟ್, ಎಲ್ಲ ನನ್ನ ಕಡೆ. ಹುಡುಗರು ಮಿಲ್ಟ್ರಿ ಕಾಕಾ ಅಂತಾರೆ.

ಫೆಬ್ರುವರಿ ಅಂದರೆ ಬ್ಯಾಡಗಿ ಮೆಣಸಿನಕಾಯಿ ಸೀಜನ್. ಆ ರಾತ್ರಿ ಬ್ಯಾಡಗಿಯಿಂದ ನವಿ ಮುಂಬೈಯ ವಾಶಿ ಮಾರ್ಕೆಟ್ಟಿಗೆ ಒಂದೇ ಪಾರ್ಟಿಯ ಮಾಲು ಹೇರಿಕೊಂಡು ಎರಡು ಗಾಡಿ ಹೊರಟಿದ್ದವು. ಮುಂದಿನದರಲ್ಲಿ ಹಳೇ ಡ್ರೈವರ್, ಹಿಂದಿನದರಲ್ಲಿ ಹಾನಗಲ್ ಕಡೆಯ ಹೊಸ ಹುಡುಗ. ಇಬ್ಬರ ಜೊತೆಗೂ ಕ್ಲೀನರ್ ಇಲ್ಲ, ಕ್ಲೀನರ್ ಭತ್ತೆಯನ್ನು ಆಫೀಸಿನವರು ಹಿಂದಿನ ವರ್ಷವೇ ಬಂದ್ ಮಾಡಿದ್ದರು. ಗಬ್ಬೂರ ದಾಟಿ ಹುಬ್ಬಳ್ಳಿ–ಧಾರವಾಡ ಬೈಪಾಸ್ ಹತ್ತಿದ ಮೇಲೆ ಹುಡುಗನ ಗಾಡಿಯ ಹಿಂದಿನ ಚಕ್ರದ ಹಬ್ ಜಾಮ್ ಆಯಿತು. ಅಲ್ಲಿಂದ ಒಂದು ಅಡಿ ಕದಲಲಿಲ್ಲ.

ಆ ಬೈಪಾಸ್ ಗೊತ್ತಿದ್ದವರಿಗೆ ಹೆಚ್ಚು ಹೇಳುವುದು ಬೇಡ. ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್. ಆಚೆ ಈಚೆ ಎರಡೂ ಕಡೆ ಹೈವೇ ಅಗಲವಾಗಿ, ನಡುವಿನ ಈ ತುಂಡು ಮಾತ್ರ ವರ್ಷಾನುಗಟ್ಟಲೆ ಎರಡೇ ಲೇನಿನಲ್ಲಿ ಉಳಿದಿತ್ತು. 2021ರ ಜನವರಿ 15ರ ಬೆಳಗ್ಗೆ ದಾವಣಗೆರೆಯ ಹೆಣ್ಣುಮಕ್ಕಳಿದ್ದ ಟೆಂಪೊ ಟ್ರಾವೆಲರ್ ಇಟಿಗಟ್ಟಿ ಹತ್ತಿರ ಟಿಪ್ಪರಿಗೆ ಡಿಕ್ಕಿಯಾದದ್ದು ಇದೇ ರಸ್ತೆಯಲ್ಲಿ. ಆಮೇಲೆ ಅಗಲ ಮಾಡುವ ಕೆಲಸ ಹತ್ತಿತು. ಕೆಲಸ ನಡೆಯುವಾಗ ಡೈವರ್ಷನ್, ಮಣ್ಣಿನ ಗುಡ್ಡೆ, ಬದಿಗೆ ಸರಿಯಲು ಜಾಗವಿಲ್ಲದ ಕಡೆಗಳು. ಅಂಥ ಒಂದು ಕಡೆ ಮೆಣಸಿನಕಾಯಿ ಚೀಲ ಒಟ್ಟಿದ ಗಾಡಿ ಅರ್ಧ ರಸ್ತೆ ಹಿಡಿದು ನಿಂತಿತ್ತು.

ಹುಡುಗ ಮೊದಲು ಮುಂದಿನವನಿಗೆ ಫೋನ್ ಹಚ್ಚಿದ. “ಅಣ್ಣಾ, ಹಬ್ ಜಾಮ್ ಆಗೇತಿ, ಗಾಡಿ ನಡು ರಸ್ತೆದಾಗ ನಿಂತೈತಿ.” ಅವನು ನಾಲ್ಕೈದು ಕಿಲೋಮೀಟರ್ ಮುಂದಿದ್ದ. “ಕಂಟ್ರೋಲ್ ರೂಮಿಗೆ ಹೇಳು ತಮ್ಮಾ, ಅವ್ರು ಮೆಕ್ಯಾನಿಕನ್ನ ಕಳಸ್ತಾರ. ನಾ ನಿಂತ್ರ ನನಗೂ ಕೆಂಪು ಬೀಳ್ತೈತಿ” ಅಂದು ಹೋದ. ಕಂಟ್ರೋಲ್ ರೂಮಿನವರು ಟಿಕೆಟ್ ನಂಬರ್ ಕೊಟ್ಟರು. ಮೂರನೇ ಫೋನ್ ನನಗೆ ಬಂತು. ಅಷ್ಟರಲ್ಲಿ ಹುಡುಗನ ದನಿ ಒಡೆದಿತ್ತು. “ಕಾಕಾ, ಗಾಡಿ ಎಲ್ಲಾ ಮೈ ಮ್ಯಾಲೆ ಬಂದಂಗ ಬರಾಕತ್ತಾವು.”

ಯಾರ್ಡಿನಲ್ಲಿ ಮಲಗಿದ್ದ ಮೆಕ್ಯಾನಿಕನನ್ನು ಎಬ್ಬಿಸಿ, ಪಿಕಪ್ಪಿನಲ್ಲಿ ರಿಫ್ಲೆಕ್ಟರ್, ಎರಡು ಖಾಲಿ ಡ್ರಮ್ ಹಾಕಿಕೊಂಡು ಹೋದೆ. ಹುಡುಗ ಗಾಡಿಯಿಂದ ಬಹಳ ಹಿಂದೆ ಬಂದು, ರಸ್ತೆಯ ಮೇಲೆ ನಿಂತು, ಮೊಬೈಲ್ ಟಾರ್ಚ್ ಬೀಸುತ್ತಿದ್ದ. ಮೊಬೈಲಿನ ಚಾರ್ಜ್ ತೀರುತ್ತ ಬಂದಿತ್ತು. ಟಾರ್ಚ್ ಆರಿದರೆ ಗಾಡಿ ಯಾರಿಗೂ ಕಾಣುವುದಿಲ್ಲ, ಆರಬಾರದೆಂದರೆ ಯಾರಿಗೂ ಫೋನ್ ಮಾಡುವಂತಿಲ್ಲ. ನಾವು ಪಿಕಪ್ ನಿಲ್ಲಿಸುವ ಹೊತ್ತಿಗೆ ಒಂದು ಸ್ಲೀಪರ್ ಬಸ್ಸು ವೇಗದಲ್ಲೇ ಬಂತು. ಅದರ ಡ್ರೈವರಿಗೆ ಮೊದಲು ಹುಡುಗ ಕಂಡಿದ್ದಾನೆ, ಗಾಡಿ ಕಂಡಿಲ್ಲ. ಹುಡುಗನನ್ನು ತಪ್ಪಿಸಿ ಮತ್ತೆ ಎಡಕ್ಕೆ ಹೊಡೆದ, ಎದುರಿಗೆ ನಮ್ಮ ಗಾಡಿ, ಅದರಾಚೆ ಎದುರಿನಿಂದ ಬರುತ್ತಿದ್ದ ಟ್ಯಾಂಕರಿನ ಲೈಟು. ಬ್ರೇಕಿನ ಕೂಗು ಕೇಳಿತು, ರಬ್ಬರ್ ಸುಟ್ಟ ವಾಸನೆ ಬಂತು. ಬಸ್ಸು ನಮ್ಮ ತಾಡಪಾಲಿನ ಹಗ್ಗ ಸವರಿಕೊಂಡು ದಾಟಿತು. ಒಳಗೆ ನಲವತ್ತು ಮಂದಿಯಾದರೂ ಮಲಗಿರಬೇಕು. ಹುಡುಗ ಟಾರ್ಚ್ ಬೀಸುವುದನ್ನು ನಿಲ್ಲಿಸಿರಲಿಲ್ಲ. ನಾನು ಹೋಗಿ ಕೈ ಹಿಡಿದಾಗಲೂ ಅವನ ಕೈ ಹಾಗೇ ಆಡುತ್ತಿತ್ತು.

ಸೋಮವಾರದ ಮೀಟಿಂಗಿನಲ್ಲಿ ನಾನು ಈ ವಿಷಯ ಎತ್ತಿದೆ. ಜೋಡಿ ಗಾಡಿಯಲ್ಲಿ ಮುಂದಿನವನು ತಿರುಗಿ ಬಂದು ಹಿಂದೆ ಇಂಡಿಕೇಟರ್ ಹಾಕಿ ನಿಂತಿದ್ದರೆ ಆ ಬಸ್ಸಿಗೆ ದೂರದಿಂದಲೇ ಕಾಣುತ್ತಿತ್ತು ಅಂದೆ. “ಟಿಕೆಟ್ ರೈಸ್ ಆಗಿತ್ತಲ್ಲ, ಪ್ರೊಸೀಜರ್ ಫಾಲೋ ಆಗಿದೆ” ಎಂದು ಉತ್ತರ ಬಂತು. ಮುಂದಿನ ಡ್ರೈವರನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಇಬ್ಬರು ಮಕ್ಕಳ ಫೀ ಕಟ್ಟುವವನಿಗೆ ಇನ್ಸೆಂಟಿವ್ ಸಣ್ಣ ಮಾತಲ್ಲ. ನಿಂತರೆ ದಂಡ, ಹೋದರೆ ಬಹುಮಾನ ಅಂತ ಬರೆದಿಟ್ಟ ಮೇಲೆ ಡ್ರೈವರ್ ಹೋಗುತ್ತಾನೆ. ಹಿಂದೆ ನೋಡುವ ಕೆಲಸವನ್ನು ನಾವು ಯಾರಿಗೂ ಕೊಟ್ಟಿಲ್ಲ, ಇದ್ದ ಕ್ಲೀನರನನ್ನೂ ಇಳಿಸಿದ್ದೇವೆ.

ನನಗೆ ಆ ಕೆಲಸ ಯಾವುದೆಂದು ಗೊತ್ತಾದದ್ದು 1999ರ ಜೂನ್ ಮೊದಲ ವಾರ, ಕಾರ್ಗಿಲ್ ಯುದ್ಧದ ಹೊತ್ತಿಗೆ, ದ್ರಾಸ್ ರಸ್ತೆಯಲ್ಲಿ.

ತೋಲೋಲಿಂಗ್ ಆಗ ಇನ್ನೂ ಪಾಕಿಸ್ತಾನದವರ ಕೈಯಲ್ಲಿತ್ತು. ನಮ್ಮವರು ಅದನ್ನು ಹಿಡಿದದ್ದು ಜೂನ್ 13ಕ್ಕೆ. ದ್ರಾಸಿನ ನೆತ್ತಿಯ ಮೇಲೆ ಕೂತಂಥ ಗುಡ್ಡ, ಮೇಲಿದ್ದವನಿಗೆ ಶ್ರೀನಗರ–ಲೇಹ್ ರಸ್ತೆ, ಆಗಿನ ಎನ್‌ಎಚ್ 1ಎ, ತಿರುವು ತಿರುವೂ ಕಾಣುತ್ತಿತ್ತು. ಯಾವ ತಿರುವಿಗೆ ತೋಪು ಎಷ್ಟು ಎತ್ತಬೇಕೆಂದು ಅವರು ಮೊದಲೇ ಅಳೆದಿಟ್ಟಿದ್ದರು. ಹಗಲು ಗಾಡಿ ಅಲುಗಾಡಿದರೆ ಶೆಲ್ ಬಂತೆಂದೇ ಲೆಕ್ಕ. ಹೀಗಾಗಿ ಕಾನ್ವಾಯ್ ರಾತ್ರಿ, ಹೆಡ್‌ಲೈಟ್ ಇಲ್ಲದೆ. ಸೋನಮರ್ಗ ಬಿಟ್ಟು, 11,500 ಅಡಿ ಎತ್ತರದ ಝೋಜಿಲಾ ಹತ್ತಿ, ಗುಮ್ರಿ, ಮಟಾಯನ್, ಪಂದ್ರಾಸ್ ದಾಟಿ ದ್ರಾಸ್ ಮುಟ್ಟಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದಕ, ಜೂನ್ ತಿಂಗಳಲ್ಲೂ ಬದಿಗೆ ಹಿಮದ ಗೋಡೆ.

ಬೆಳಕಿಲ್ಲದೆ ಹೇಗೆ ಓಡಿಸುತ್ತಿದ್ದಿರಿ ಅಂತ ಹುಡುಗರು ಕೇಳುತ್ತಾರೆ. ಮಿಲ್ಟ್ರಿ ಗಾಡಿಯ ಹಿಂದೆ ಬಗ್ಗಿ ನೋಡಿದರೆ ಡಿಫರೆನ್ಶಿಯಲ್‌ಗೆ, ಅಂದರೆ ಹಿಂದಿನ ಆ್ಯಕ್ಸಲಿನ ನಡುವಿನ ಗುಂಡಿಗೆ, ಬಿಳಿ ಬಣ್ಣ ಬಳಿದಿರುತ್ತಾರೆ. ಅದರ ಮೇಲೆ ಮಾತ್ರ ಬೀಳುವಂತೆ ಒಂದು ಸಣ್ಣ ಕಾನ್ವಾಯ್ ಲೈಟ್. ಮೇಲಿನಿಂದ ಕಾಣುವುದಿಲ್ಲ, ಹಿಂದಿನ ಡ್ರೈವರಿಗಷ್ಟೇ ಕಾಣುತ್ತದೆ. ಮುಂದಿನ ಗಾಡಿಯ ಆ ಬಿಳಿ ಗುಂಡು ಎಡಕ್ಕೆ ಹೋದರೆ ನೀನೂ ಎಡಕ್ಕೆ, ಇಳಿದರೆ ನೀನೂ ಇಳಿ. ಅವನು ಕಂದಕಕ್ಕೆ ಹೋದರೆ ನೀನೂ ಹೋದೆ. ಅಷ್ಟು ನಂಬಿಕೆ ಬೇಕು. ಹಿಂದಿನವನು ಬರುತ್ತಿದ್ದಾನೋ ಇಲ್ಲವೋ ನೋಡುವುದು ಕೋ-ಡ್ರೈವರನ ಕೆಲಸ. ಅವನು ನಿದ್ದೆ ಮಾಡುವಂತಿಲ್ಲ, ಮುಂದೆ ನೋಡುತ್ತ ಕೂಡುವಂತಿಲ್ಲ. ತಲೆ ಹೊರಗೆ ಹಾಕಿ ಹಿಂದಿನ ಎಂಜಿನ್ನಿನ ಸದ್ದು ಕೇಳುತ್ತ ಇರಬೇಕು. ದಿನಾ ಸಂಜೆ ಬ್ರೀಫಿಂಗಿನಲ್ಲಿ ಸುಬೇದಾರ್ ಸಾಬ್ ಎರಡು ಮಾತು ತಪ್ಪದೆ ಹೇಳುತ್ತಿದ್ದರು. ಪಂದ್ರಾಸ್ ದಾಟಿದ ಮೇಲೆ ಯಾರೂ ನಿಲ್ಲಬಾರದು. ಮತ್ತು, ಅಪ್ನೇ ಪೀಛೇವಾಲೇ ಕಾ ಖಯಾಲ್ ರಖೋ, ನಿನ್ನ ಹಿಂದಿನವನ ಮೇಲೆ ನಿಗಾ ಇಡು. ಎರಡೂ ಒಂದಕ್ಕೊಂದು ಕೂಡದ ಮಾತು ಅಂತ ನನಗೆ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ.

ನನ್ನದು ಶಕ್ತಿಮಾನ್, ಹಿಂದೆ 155 ಎಂ.ಎಂ. ಶೆಲ್, ಒಂದೊಂದೂ 40 ಕಿಲೋ ದಾಟುವಂಥವು. ಮುಂದಿನ ಗಾಡಿ ಪಾಲಕ್ಕಾಡ್ ಕಡೆಯ ಒಬ್ಬ ಮಲಯಾಳಿ ನಾಯಕ್‌ನದು. ನನ್ನ ಹಿಂದೆ ರಿಕವರಿ ಗಾಡಿ ಇರಬೇಕಿತ್ತು, ಅದು ಕ್ಲಚ್ ಹೋದ ಇನ್ನೊಂದು ಗಾಡಿಯ ಜೊತೆ ಮಟಾಯನ್‌ನಲ್ಲೇ ಉಳಿದಿತ್ತು. ಹಾಗಾಗಿ ಬಾಲಕ್ಕೆ ನಾನೇ.

ಮೊದಲ ಶೆಲ್ ನದಿಯ ಕಡೆ ಬಿತ್ತು. ಎರಡನೆಯದು ನಮ್ಮ ಮೇಲಿನ ಇಳಿಜಾರಿಗೆ ಬಿದ್ದು ಕ್ಯಾಬಿನ್ನಿನ ಮೇಲೆ ಕಲ್ಲು ಸುರಿಯಿತು. ಗಾಜು ಒಡೆದು ಕೋ-ಡ್ರೈವರನ ಮೊಳಕೈ ಕೆಳಗೆ ಹೊಕ್ಕಿತು. ಅವನು ಬಿಹಾರದ ಹುಡುಗ, ಹತ್ತೊಂಬತ್ತೋ ಇಪ್ಪತ್ತೋ. ಬಾಯಿ ಬಿಡಲಿಲ್ಲ, ಕೈ ಮಾತ್ರ ಗಟ್ಟಿ ಹಿಡಿದುಕೊಂಡ. ಇನ್ನೇನು ದಾಟಿದೆವು ಅನ್ನುವಾಗ ಎಂಜಿನ್ ಕೆಮ್ಮಿ ಬಂದ್ ಆಯಿತು. ಗಾಡಿಯನ್ನು ಇದ್ದ ವೇಗದಲ್ಲೇ ಬಂಡೆಯ ಬದಿಗೆ ಒತ್ತಿ ನಿಲ್ಲಿಸಿದೆ. ಇಳಿದ ಕೂಡಲೇ ಡೀಸೆಲ್ ವಾಸನೆ. ಟ್ಯಾಂಕಿಗೆ ಕೈ ಹಚ್ಚಿದರೆ ತಣ್ಣಗೆ ಹರಿಯುತ್ತಿದೆ. ಪೈಪ್ ಒಂದು ಕಡೆ ಕತ್ತರಿಸಿ ನೇತಾಡುತ್ತಿದೆ.

ಮುಂದಿನ ಬಿಳಿ ಗುಂಡು ಸಣ್ಣದಾಗುತ್ತ ತಿರುವಿನಲ್ಲಿ ಮರೆಯಾಯಿತು. ಅವನು ಹೋದ ಅಂತ ನಾನು ತೀರ್ಮಾನಿಸಿಬಿಟ್ಟೆ. ಹೋಗಬೇಕಾದದ್ದೇ, ಆರ್ಡರ್ ಹಾಗೇ ಇತ್ತು. ಆದರೆ ಆರ್ಡರ್ ಸರಿ ಅಂತ ಬುದ್ಧಿಗೆ ಗೊತ್ತಿದ್ದರೂ ಆ ಬೆಳಕು ಹೋದಾಗ ಆಗುವ ಸಂಕಟವೇ ಬೇರೆ. ಕೋ-ಡ್ರೈವರನನ್ನು ಬಂಡೆಯ ಸಂದಿಗೆ ಕೂರಿಸಿ ನನ್ನ ಮಫ್ಲರ್ ಸುತ್ತಿದೆ. ಇನ್ನೊಂದು ಶೆಲ್ ಬಿತ್ತು, ಸ್ವಲ್ಪ ದೂರ. ಬೆಳಗಾದರೆ ಈ ಗಾಡಿ ಮೇಲಿನವರಿಗೆ ಕಾಣುತ್ತದೆ, ಹೊತ್ತಿದರೆ ರಸ್ತೆಯೇ ಉಳಿಯುವುದಿಲ್ಲ. ಗಾಡಿಯನ್ನು ನಾವಿಬ್ಬರೇ ನೂಕಿ ಕಂದಕಕ್ಕೆ ಬಿಡಲು ಆದೀತೆ ಅಂತಲೂ ಯೋಚಿಸಿದೆ. ಅಮ್ಮನ ನೆನಪು, ಊರಿನ ನೆನಪು ಬಂತೆಂದು ಹೇಳುವವರಿದ್ದಾರೆ. ನನಗೆ ಬಂದದ್ದು ಗಾಡಿಯ ನೆನಪೊಂದೇ, ಆ ಲೋಡ್ ನನ್ನ ಸಹಿಯ ಮೇಲೆ ಹೊರಟಿತ್ತು.

ಆಗ ಕಲ್ಲಿನ ಮೇಲೆ ಬೂಟಿನ ಸಪ್ಪಳ. ಸಣ್ಣ ದನಿಯಲ್ಲಿ, “ಮೈ ಹೂಂ ರೇ, ತೇರಾ ಆಗೇವಾಲಾ.” ನಾನೇ ಕಣೋ, ನಿನ್ನ ಮುಂದಿನವನು.

ಅವನ ಕೋ-ಡ್ರೈವರ್ ಹಿಂದೆ ನನ್ನ ಎಂಜಿನ್ನಿನ ಸದ್ದು ನಿಂತದ್ದನ್ನು ಕೇಳಿದ್ದ. ನಾಯಕ್ ತಿರುವು ದಾಟಿ ಗುಡ್ಡದ ಮರೆಗೆ ಗಾಡಿ ಹಚ್ಚಿ, ಅದರ ಹತ್ತಿರ ಅವನನ್ನು ಬಿಟ್ಟು ನಡೆದು ಬಂದಿದ್ದ. ಕೈಯಲ್ಲಿ ಬಟ್ಟೆ ಒಗೆಯುವ ಸೋಪಿನ ತುಂಡು, ಟೇಪು, ತಂತಿ, ಒಂದು ಗೇಣು ರಬ್ಬರ್ ನಳಿಕೆ, ಗಾಯಕ್ಕೆ ಕಟ್ಟುವ ಫೀಲ್ಡ್ ಡ್ರೆಸಿಂಗ್. ನಾನು ಟಾರ್ಚ್ ತೆಗೆದೆ. ಅವನು ಕೈ ಮುಚ್ಚಿ ಇಸಿದುಕೊಂಡ. ಮೊದಲು ಹುಡುಗನ ಕೈ ಕಟ್ಟಿದ, ಆಮೇಲೆ ಗಾಡಿ.

ಸೋಪನ್ನು ಹೆಬ್ಬೆರಳಿನಿಂದ ಮೆದ್ದು ಟ್ಯಾಂಕಿನ ತೂತಿಗೆ ಒತ್ತಿದ. ಡೀಸೆಲ್ ತಾಗಿದರೆ ಅದು ಕರಗದು, ಹಿಡಿದುಕೊಳ್ಳುತ್ತದೆ. ಈಗಲೂ ನಮ್ಮ ಎಲ್ಲ ಗಾಡಿಯಲ್ಲಿ ಒಂದು ಒಗೆಯುವ ಸೋಪು ಇಡಿಸುತ್ತೇನೆ. ಪೈಪಿನ ಹರಿದ ತುದಿ ಕೊಯ್ದು, ರಬ್ಬರ್ ನಳಿಕೆ ಏರಿಸಿ, ತಂತಿ ಬಿಗಿದೆವು. ಇನ್ನು ಪೈಪಿನೊಳಗೆ ಹೊಕ್ಕ ಏರ್ ತೆಗೆಯಬೇಕು. ಡೀಸೆಲ್ ಗಾಡಿ ಗೊತ್ತಿದ್ದವರಿಗೆ ಅದು ಹಗಲಿನಲ್ಲಿ ಏನೂ ಅಲ್ಲ. ಅಲ್ಲಿ ಕತ್ತಲೆ, ಬೆರಳು ಸೆಟೆದಿವೆ, ಸ್ಕ್ರೂ ಕೈಗೆ ಸಿಗುತ್ತಿಲ್ಲ. ಅವನು ಹ್ಯಾಂಡ್ ಪಂಪ್ ಒತ್ತುತ್ತಿದ್ದ, ನಾನು ಸ್ಕ್ರೂ ಸಡಿಲಿಸಿ ಬೆರಳು ಹಿಡಿದಿದ್ದೆ. ಗುಳ್ಳೆ ಬರುತ್ತಿದೆಯೋ, ಬರೀ ಡೀಸೆಲ್ ಬರುತ್ತಿದೆಯೋ ಬೆರಳೇ ಹೇಳಬೇಕು, ಆದರೆ ಬೆರಳಿಗೆ ಗೊತ್ತಾಗುತ್ತಿಲ್ಲ. ಕೊನೆಗೆ ನಾಲಗೆ ಹಚ್ಚಿ ನೋಡಿದೆ. ನಡುವೆ ಮತ್ತೆ ಶೆಲ್ ಬಂದಾಗ ಇಬ್ಬರೂ ಚಾಸಿಯ ಕೆಳಗೆ ಹೋದೆವು. ಮೇಲೆ ಲೋಡ್ ತುಂಬ ಶೆಲ್, ಅದರ ಕೆಳಗೆ ಅಡಗಿದ್ದೇವೆ. ಆ ಕ್ಷಣದಲ್ಲಿ ಅವನು ಕೇಳಿದ್ದು, “ತೇರೇ ಗಾಂವ್ ಮೇಂ ಬಾರಿಶ್ ಶುರೂ ಹೋ ಗಯೀ ಕ್ಯಾ?” ಅವನ ಪಾಲಕ್ಕಾಡಿನಲ್ಲಿ ಮಳೆ ಹಿಡಿದಿರುತ್ತದೆ ಅಂತ ಅವನೇ ಹೇಳಿದ. ಮೃಗಶಿರ ಮಳೆಯ ಹೊತ್ತು, ನಮ್ಮ ಕಡೆಯೂ ಬಿದ್ದಿರಬೇಕು ಅಂದೆ. ನನ್ನ ಕೈಯ ನಡುಕ ನಿಂತಿತು. ಬೇಕೆಂದೇ ಕೇಳಿದ್ದನೋ, ಸುಮ್ಮನೆ ಕೇಳಿದ್ದನೋ ನಾನು ಇವತ್ತಿಗೂ ವಿಚಾರಿಸಿಲ್ಲ.

ಎಂಜಿನ್ ಹಿಡಿಯಿತು. ಅವನು ನನ್ನ ಫುಟ್‌ಬೋರ್ಡಿನ ಮೇಲೆ ನಿಂತು ತನ್ನ ಗಾಡಿಯವರೆಗೆ ಬಂದ, ಮತ್ತೆ ಬಿಳಿ ಗುಂಡು ಮುಂದೆ ಹೊರಟಿತು.

ದ್ರಾಸ್‌ನಲ್ಲಿ ಸುಬೇದಾರ್ ಸಾಬ್ ಅವನನ್ನು ಬಾಯಿಗೆ ಬಂದಂತೆ ಬೈದರು. ಆರ್ಡರ್ ಮುರಿದಿದ್ದ, ಬೈಯುವುದು ಅವರ ಕೆಲಸ. ಆದರೆ ಮರುದಿನದ ಸಂಜೆ ಬ್ರೀಫಿಂಗ್ ಬದಲಾಗಿತ್ತು. ಎರಡೆರಡು ಗಾಡಿ ಜೋಡಿ. ಜೋಡಿಯವನು ನಿಂತರೆ ಮುಂದಿನವನು ಮರೆಯಿರುವ ಜಾಗ ನೋಡಿ ನಿಲ್ಲಬೇಕು, ಒಬ್ಬ ನಡೆದು ಹಿಂದೆ ಬರಬೇಕು. ಬಾಲದ ಗಾಡಿಗೆ ಹಳೇ ಕೋ-ಡ್ರೈವರ್. ಪ್ರತಿ ಗಾಡಿಯಲ್ಲಿ ಸೋಪು, ಟೇಪು, ನಳಿಕೆ, ತಂತಿ, ಹೊರಡುವ ಮೊದಲಿನ ಗಾಡಿ ತಪಾಸಣೆಯಲ್ಲಿ, ಫಸ್ಟ್ ಪರೇಡಿನಲ್ಲಿ, ಎಣಿಸಿ ನೋಡುವುದು. ಕಾಗದವಿಲ್ಲ, ಮೀಟಿಂಗ್ ಇಲ್ಲ, ಒಂದೇ ದಿನದಲ್ಲಿ ಆಯಿತು. ನನ್ನ ಈಗಿನ ಆಫೀಸಿನ ಬಗ್ಗೆ ನನಗೆ ನೋವಾಗುವುದು ಇದಕ್ಕೇ.

ಕಾರ್ಗಿಲ್‌ನಲ್ಲಿ ನಮ್ಮ ಆರ್ಟಿಲರಿ 2,50,000ಕ್ಕೂ ಹೆಚ್ಚು ಶೆಲ್, ಬಾಂಬ್, ರಾಕೆಟ್ ಹಾರಿಸಿತು. ತೋಪಿನ ಬಾಯಿಗೆ ಹೋಗುವ ಮೊದಲು ಅವು ಯಾವನೋ ಡ್ರೈವರನ ಬೆನ್ನ ಹಿಂದೆ ಇದ್ದವು. ಆ ಯುದ್ಧದಲ್ಲಿ ಸತ್ತ ನಮ್ಮ 527 ಮಂದಿಯ ಮುಂದೆ ನಾವು ಮಾಡಿದ್ದನ್ನು ದೊಡ್ಡದೆಂದು ಹೇಳಿಕೊಳ್ಳಲಾರೆ. ಜುಲೈ 26ಕ್ಕೆ ಧಾರವಾಡದ ಕೆ.ಸಿ. ಪಾರ್ಕಿನ ಕಾರ್ಗಿಲ್ ಸ್ತೂಪದ ಹತ್ತಿರ ಹೂ ಇಡಲು ಹೋದಾಗ ಗುಡ್ಡ ಹತ್ತಿದವರನ್ನೇ ನೆನೆಯುತ್ತೇನೆ. ಆದರೆ ಗುಡ್ಡ ಹತ್ತಿದವನಿಗೂ ಹಿಂದೆ ಒಬ್ಬನಿದ್ದಾನೆ ಅನ್ನುವ ಧೈರ್ಯ ಬೇಕಿತ್ತು.

ನಮ್ಮ ಹುಡುಗರಿಗೆ ಕಾರ್ಗಿಲ್ ದೂರದ ಮಾತು. ಅವರು ಕೇಳುವುದು ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಬಗ್ಗೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಪೋಸ್ಟಿನಲ್ಲಿ, 19,600 ಅಡಿ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ 10 ಮಂದಿಯ ಮೇಲೆ ಹಿಮ ಕುಸಿಯಿತು. ಯಾರೂ ಬದುಕಿರಲಾರರು ಅಂತ ಎಲ್ಲರೂ ಕೈಬಿಟ್ಟ ಮೇಲೂ ಅಗೆಯುವವರು ಅಗೆಯುತ್ತಲೇ ಇದ್ದರು, ನಾಯಿಗಳೂ ಮೂಸುತ್ತಲೇ ಇದ್ದವು. ಆರನೇ ದಿನ 25 ಅಡಿ ಹಿಮದ ಕೆಳಗೆ ಹನುಮಂತಪ್ಪ ಉಸಿರಾಡುತ್ತಿದ್ದರು. ದೆಹಲಿಯ ಆಸ್ಪತ್ರೆಯಲ್ಲಿ ಫೆಬ್ರುವರಿ 11ಕ್ಕೆ ಪ್ರಾಣ ಹೋಯಿತು. ಅಷ್ಟು ಅಗೆದು ಕೊನೆಗೆ ಉಳಿಯಲಿಲ್ಲವಲ್ಲ ಕಾಕಾ ಅಂತ ಒಬ್ಬ ಕೇಳಿದ. ಅಗೆದದ್ದರಿಂದಲೇ ಅವರು ನಮ್ಮವರ ಕೈಯಲ್ಲಿ, ನಮ್ಮವರ ದನಿ ಕಿವಿಗೆ ಬೀಳುವ ಕಡೆ ಇದ್ದರು ಅಂದೆ. ಆ ಎತ್ತರದಲ್ಲಿ ಗುದ್ದಲಿ ಎತ್ತುವುದೇ ಎಷ್ಟು ಕಷ್ಟ ಅಂತ ನನಗೆ ಸ್ವಲ್ಪ ಗೊತ್ತು.

ಬೈಪಾಸಿನ ಸಂಗತಿಯನ್ನು ಪಾಲಕ್ಕಾಡಿಗೆ ಫೋನ್ ಮಾಡಿ ಹೇಳಿದೆ. ಅವನೂ ಪೆನ್ಷನ್ ಬಂದು ತೋಟ ನೋಡಿಕೊಂಡಿದ್ದಾನೆ. ಓಣಂಗೆ ಅವನು ಮಾಡುತ್ತಾನೆ, ಗಣೇಶ ಚೌತಿಗೆ ನಾನು ಮಾಡುತ್ತೇನೆ, ಇಷ್ಟು ವರ್ಷ ತಪ್ಪಿಲ್ಲ. ಎಲ್ಲ ಕೇಳಿ ಅವನು ಆ್ಯಪ್ ಬಗ್ಗೆ ಏನೂ ಅನ್ನಲಿಲ್ಲ. “ಉಸ್ ಲಡ್ಕೇ ಕೇ ಸಾಥ್ ಕೋಯೀ ನಹೀಂ ಥಾ?” ಅಂದ. ಅದನ್ನೇ ಮತ್ತೆ ಕೇಳಿದ. ಒಬ್ಬನನ್ನೇ ಯಾಕೆ ಕಳಿಸಿದಿರಿ?

ಈ ಮಾತನ್ನೇ ಹಿಡಿದುಕೊಂಡು ಆಫೀಸಿಗೆ ಹೋದೆ. ಆ್ಯಪ್ ಬದಲಿಸಲು ಮಾಡಿಕೊಟ್ಟವರು ಬೇರೆ ರೊಕ್ಕ ಕೇಳುತ್ತಾರಂತೆ. ಸರಿ, ಯಾರ್ಡಿನಲ್ಲಿ ಒಂದು ರಿಜಿಸ್ಟರ್ ಇಡುತ್ತೇನೆ ಅಂದೆ. ಜೋಡಿ ಗಾಡಿಗಾಗಿ ನಿಂತ ಹಾಲ್ಟ್ ಅದರಲ್ಲಿ ಬರೆದು ನಾನು ಸಹಿ ಮಾಡಿದರೆ ಕಡಿತವಾದ ಇನ್ಸೆಂಟಿವ್ ತಿಂಗಳ ಕೊನೆಗೆ ವಾಪಸ್. ಇದಕ್ಕೆ ಒಪ್ಪಿದರು. ಮೊದಲ ತಿಂಗಳೇ ಹುಡುಗರು ನಿಂತರು. ಒಬ್ಬ ತಡಸ ಹತ್ತಿರ ಪಂಚರಾದವನಿಗೆ ಸ್ಟೆಪ್ನಿ ಕೊಟ್ಟ, ಒಬ್ಬ ಮೋಟೆಬೆನ್ನೂರಿನಲ್ಲಿ ಜ್ವರ ಬಂದವನನ್ನು ದವಾಖಾನೆಗೆ ಮುಟ್ಟಿಸಿದ. ಲೋಡು ತಡವಾಯಿತೆಂದು ಯಾವ ಪಾರ್ಟಿಯೂ ಗಲಾಟೆ ಮಾಡಿಲ್ಲ.

ರಾತ್ರಿ ಟ್ರಿಪ್ಪಿಗೆ ಕ್ಲೀನರ್ ಬೇಕೆನ್ನುವುದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ, ಖರ್ಚು ಅನ್ನುತ್ತಾರೆ. ಮುಂದಿನ ಮೆಣಸಿನಕಾಯಿ ಸೀಜನ್ ಹತ್ತುವ ಮೊದಲು ಮತ್ತೆ ಹೋಗಿ ಕೇಳುವವನಿದ್ದೇನೆ. ಹಾನಗಲ್ ಹುಡುಗ ಬರುತ್ತೇನೆ ಅಂದಿದ್ದಾನೆ. ಅವತ್ತು ಮುಂದಿನ ಗಾಡಿಯಲ್ಲಿದ್ದ ಡ್ರೈವರೂ ಮೊನ್ನೆ ಡೀಸೆಲ್ ಚೀಟಿ ಇಸಿದುಕೊಳ್ಳುವಾಗ, “ಕಾಕಾ, ನಾನೂ ಬರ್ತೀನ್ರಿ, ನನ್ನ ಹೆಸರೂ ಬರಕೋರಿ” ಅಂದ.